ಕೊಂಡಮ್ಮನ ಬದಲು ಬಿಂದಿಗೆ

ಹಿತ್ತಾಳೆ ಬಿಂದಿಗೆ ಎಲ್ಲಿದೆ ಎಂದು ಮಗ ಮುನೀಶ್ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದಾಗ, ನಲ್ಲಿಯಲ್ಲಿ ನೀರು ಬಂದಿರಬೇಕು ಎಂದುಕೊಂಡು ಕೊಂಡಮ್ಮ ಅಟ್ಟದ ಕೆಳಗೆ ಕೈ ತೋರಿಸಿದಳು. ಬಿಂದಿಗೆಯನ್ನು ತೊಳೆದು, ಕಂಠದವರೆಗೆ ನೀರು ತುಂಬಿ, ಮದುವೆ ಹೆಣ್ಣನ್ನು ಕೂಡಿಸಿದ ಹಾಗೆ ಹುಷಾರಾಗಿ, ಕೊಳ್ಳಲು ನೋಡುತ್ತಿದ್ದ ಕಾರಿನ ಹಿಂದಿನ ಸೀಟಿನಲ್ಲಿ ಕೂಡಿಸಿ, ಸುತ್ತ ದಿಂಬು ಒತ್ತಿ, ಅಪ್ಪ ಮಗ ಇಬ್ಬರೂ ಬಾಗಲೂರು ರಸ್ತೆಗೆ ಹೊರಟೇಹೋದರು. ಆಗ ಗೊತ್ತಾಯಿತು ಅವಳಿಗೆ. ಆ ಬಿಂದಿಗೆ ಕೂತದ್ದು ಅವಳು ಕೂರಬೇಕಾದ ಜಾಗದಲ್ಲಿ.

ಮೈಯೆಲ್ಲ ಉರಿದುಹೋಯಿತು. ಕಾರು ಕೊಳ್ಳುತ್ತಿರುವುದು ಯಾರಿಗೆ? ಅವಳಿಗೆ. ಕೂರಬೇಕಾದ ಬೆನ್ನು ಯಾರದ್ದು? ಅವಳದ್ದು. ಆ ಬೆನ್ನು ಮನೆಯಲ್ಲೇ ಇದೆ, ಮಾತಾಡುವ ಬಾಯಿ ಸಮೇತ ಇದೆ. ಅದನ್ನು ಬಿಟ್ಟು ಈ ಇಬ್ಬರು ಘನಪಂಡಿತರು ಬಿಂದಿಗೆಯನ್ನು ವಿಚಾರಿಸಲು ಹೋಗಿದ್ದಾರೆ.

ಕೊಂಡಮ್ಮನಿಗೆ ಹೊಸೂರಿನಾಚೆ, ಕರ್ನಾಟಕದ ಗಡಿಗೆ ಅಂಟಿದ ಜೂಜುವಾಡಿಯಲ್ಲಿ ಒಂದು ಮುದ್ದೆ ಅಂಗಡಿ ಇತ್ತು. ಇತ್ತು ಏನು, ಇನ್ನೂ ಇದೆ, ಬಾಗಿಲು ಮುಚ್ಚಿದೆ ಅಷ್ಟೆ. ಗಡಿ ದಾಟುವ ಲಾರಿಯವರೆಲ್ಲ ಅಲ್ಲಿ ಇಳಿಯುತ್ತಿದ್ದರು. ತಮಿಳಿನವರು ಕಳಿ ಎನ್ನಲಿ, ತೆಲುಗಿನವರು ಸಂಗಟಿ ಎನ್ನಲಿ, ತಟ್ಟೆಗೆ ಬೀಳುತ್ತಿದ್ದುದು ಅವಳು ಕಟ್ಟಿದ ಅದೇ ರಾಗಿ ಮುದ್ದೆ, ಜೊತೆಗೆ ಹುರುಳಿ ಸಾರು. ಯಾರ ಹತ್ತಿರವೂ ಕೈ ಚಾಚದೆ ಆ ಒಲೆಯ ಮುಂದೆ ನಿಂತೇ ಮುನೀಶನನ್ನು ಪಾಲಿಟೆಕ್ನಿಕ್ ಓದಿಸಿದಳು. ಊರಲ್ಲಿ ಅವಳು ಕದಿರಪ್ಪನ ಹೆಂಡತಿ. ಜೂಜುವಾಡಿಯಲ್ಲಿ ಕದಿರಪ್ಪನೇ ಕೊಂಡಮ್ಮನ ಗಂಡ. ಅದೊಂದು ಜಾಗದಲ್ಲಿ ಅವಳ ಮಾತಿಗೆ ಎದುರುಮಾತು ಇರಲಿಲ್ಲ.

ಕಳೆದ ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಅಂಗಡಿ ಮುಚ್ಚಿ ಬರುವಾಗ ಬಸ್ಸಿನ ಕಟ್ಟಕಡೆಯ ಸೀಟಿನಲ್ಲಿ ಕೂತಿದ್ದಳು. ಯಾವ ಪುಣ್ಯಾತ್ಮನೋ ರಸ್ತೆಗೆ ಹೊಸ ಹಂಪ್ ಹಾಕಿದ್ದ, ಬಣ್ಣ ಬಳಿದಿರಲಿಲ್ಲ. ಡ್ರೈವರ್ ನೋಡಲಿಲ್ಲ, ಬ್ರೇಕು ಹಾಕಲಿಲ್ಲ. ಕೊಂಡಮ್ಮ ಮೇಲಕ್ಕೆ ಹಾರಿ ಕೂತ ಜಾಗಕ್ಕೇ ಬಿದ್ದಳು. ಸೊಂಟದ ಮೇಲಿನ ಒಂದು ಮೂಳೆ ಕುಸಿದುಹೋಯಿತು. ಆಸ್ಪತ್ರೆ, ಬೆಲ್ಟು, ತಿಂಗಳುಗಟ್ಟಲೆ ಮಂಚ. ಬಸ್ಸು ಮಾತ್ರ ಈಗಲೂ ಅದೇ ಹಂಪಿನ ಮೇಲೆ ದಿನಾ ಹಾರುತ್ತದೆ.

ಈಗ ಮೂಳೆ ಕೂಡಿದೆ ಎಂದು ಹೊಸೂರಿನ ಡಾಕ್ಟರು ಹೇಳಿದ್ದರು. ನಡೆಯಿರಿ, ನಿಲ್ಲಿ, ಬೇಕಾದರೆ ಅಂಗಡಿಗೂ ಹೋಗಿ. ಆದರೆ ಎತ್ತಿ ಕುಕ್ಕುವ ಬಸ್ಸು, ಆಟೊ ಬೇಡ. ಇನ್ನೊಂದು ಮಾತನ್ನು ಎರಡೆರಡು ಸಲ ಹೇಳಿದ್ದರು: ಯಾರೂ ನಿಮ್ಮ ಕಂಕುಳಿಗೆ ಕೈ ಹಾಕಿ ಎಳೆಯಬಾರದು, ನೀವೇ ಕೂತು ನೀವೇ ಏಳಬೇಕು. ಅಂದರೆ ಕಾರು ಬೇಕು, ಮೆತ್ತಗೆ ಹೋಗುವ ಕಾರು. ಹೊಸದಕ್ಕೆ ಶಕ್ತಿಯಿಲ್ಲ, ಹಳೆಯದನ್ನೇ ನೋಡಬೇಕು. ಅದೂ ಬೇಗ. ಅಂಗಡಿಯ ಮಾಲೀಕ ಭೈರೇಶ್ ಇಷ್ಟು ದಿನ ಸುಮ್ಮನಿದ್ದವನು, ಬರುವ ಸೋಮವಾರ ಒಲೆ ಹಚ್ಚದಿದ್ದರೆ ಹೆಲ್ಮೆಟ್ ಮಾರುವವನೊಬ್ಬನಿಗೆ ಜಾಗ ಕೊಟ್ಟುಬಿಡುತ್ತೇನೆ ಎಂದು ಕದಿರಪ್ಪನ ಕೈಲಿ ಹೇಳಿಕಳಿಸಿದ್ದ.

ಮೊದಲು ಬಂದದ್ದು ರಘುನಾಥನ ಕಾರು. ರಘುನಾಥ್ ಮುನೀಶನ ಫ್ಯಾಕ್ಟರಿಯಲ್ಲೇ ಕೆಲಸ ಮಾಡುವವನು, ಕೃಷ್ಣಗಿರಿ ಕಡೆಯವನು. ಬಿಳಿ ಬಣ್ಣದ, ಡಿಕ್ಕಿಯಿರುವ, ತಗ್ಗಾದ ಕಾರು. ನಾಲ್ಕು ಚಕ್ರಕ್ಕೂ ಎಲ್ಲ ಕಾರಿಗಿರುವಂಥ ಕಬ್ಬಿಣದ ಸ್ಪ್ರಿಂಗು. ಕದಿರಪ್ಪ ಅದರ ಕೆಳಗೆ ನುಸುಳಿ ಸ್ಪ್ರಿಂಗನ್ನು ತಟ್ಟಿ ನೋಡಿ, ಮೊಮ್ಮಗನಿಗೆ ಹಲ್ಲು ಬಂದ ಅಜ್ಜನಷ್ಟು ಖುಷಿಪಟ್ಟ. ಇಪ್ಪತ್ತು ವರ್ಷ ಟೆಂಪೊ ಓಡಿಸಿ ಬಾಗಲೂರಿನ ಟೊಮೇಟೊ, ಗುಲಾಬಿಯನ್ನೆಲ್ಲ ಬೆಂಗಳೂರಿಗೆ ಹೊತ್ತವನು ಅವನು. ಕಬ್ಬಿಣವನ್ನು ಬಿಟ್ಟು ಬೇರೇನನ್ನೂ ನಂಬುವವನಲ್ಲ.

ಕೊಂಡಮ್ಮ ಕೂತು ನೋಡಿದಳು. ಕೂರುವುದೇನೋ ಆಯಿತು, ಬಾವಿಗೆ ಇಳಿದ ಹಾಗೆ ಸೊಂಟ ಕೆಳಕ್ಕೆ ಹೋಯಿತು. ಏಳಲು ಆಗಲಿಲ್ಲ. ಒಂದು ನಿಮಿಷ ತಾಳಿದ್ದರೆ ಕಾಲು ಹೊರಗೆ ಹಾಕಿ, ಬಾಗಿಲು ಹಿಡಿದು ಹೇಗೋ ಏಳುತ್ತಿದ್ದಳು. ತಾಳುವ ಜಾಯಮಾನ ಕದಿರಪ್ಪನದಲ್ಲ. ಡಾಕ್ಟರು ಬೇಡ ಎಂದದ್ದನ್ನೇ ಮಾಡಿದ. ಕಂಕುಳಿಗೆ ಕೈ ಹಾಕಿ ಟೊಮೇಟೊ ಕ್ರೇಟು ಇಳಿಸಿದ ಹಾಗೆ ಎಳೆದ. ಅವಳು ಕಿರುಚಿದ್ದು ಆ ಬೀದಿಗೆಲ್ಲ ಕೇಳಿಸಿತು. ಆಮೇಲೆ ಮತ್ತೆ ಮಂಚ, ಮತ್ತೆ ಬಿಸಿನೀರಿನ ಚೀಲ. ಗಂಡಸರು ಇದರಿಂದ ಕಲಿತದ್ದೇನು? ಎಳೆಯಬಾರದು ಎಂದಲ್ಲ. ಇನ್ನು ಮೇಲೆ ಕಾರು ನೋಡುವಾಗ ಇವಳನ್ನು ಕೂಡಿಸಬಾರದು ಎಂದು.

ಅದಕ್ಕೇ ಬಿಂದಿಗೆ. ಅದು ಟೆಂಪೊದವರ ಹಳೆಯ ಪದ್ಧತಿ. ಹೊಸ ಡ್ರೈವರನ್ನು ಇಟ್ಟುಕೊಳ್ಳುವ ಮುಂಚೆ ಹಿಂದೆ ತುಂಬಿದ ಬಿಂದಿಗೆ ಇಟ್ಟು ಹೊಸೂರಿನವರೆಗೆ ಓಡಿಸು ಎನ್ನುತ್ತಿದ್ದರು. ನೀರು ಚೆಲ್ಲದಿದ್ದರೆ ಹಣ್ಣೂ ಒಡೆಯುವುದಿಲ್ಲ, ಕೆಲಸ ಖಾಯಂ. ಟೊಮೇಟೊಗೆ ಸರಿಯಾದ ಲೆಕ್ಕವೇ. ಕೊಂಡಮ್ಮ ಟೊಮೇಟೊ ಅಲ್ಲ ಎಂಬುದು ಆ ಇಬ್ಬರಿಗೂ ಹೊಳೆಯಲೇ ಇಲ್ಲ.

ಆ ಶನಿವಾರ ಬಿಂದಿಗೆ ಎರಡು ಕಾರಿನಲ್ಲೂ ಸವಾರಿ ಮಾಡಿತು. ಎರಡನೆಯದು ಜಗನ್ ಎಂಬುವನ ಕಾರು. ಅವನು ಹೊಸೂರಿನಲ್ಲಿ ಹಳೇ ಕಾರು ಮಾರುವವನು. ಹೊರದೇಶದ ದೊಡ್ಡ ಎತ್ತರದ ಗಾಡಿ, ಯಾರೋ ಶ್ರೀಮಂತ ಓಡಿಸಿ ಬೇಸತ್ತು ಬಿಟ್ಟದ್ದು. ಹಳೆಯದಾದ್ದರಿಂದ ರಘುನಾಥನ ಕಾರಿನ ಬೆಲೆಗೇ ಸಿಗುತ್ತಿತ್ತು. ಅದಕ್ಕೆ ಕಬ್ಬಿಣದ ಸ್ಪ್ರಿಂಗಿಲ್ಲ. ಚಕ್ರದ ಮೇಲೆ ದಪ್ಪ ರಬ್ಬರಿನ ಚೀಲ, ಚೀಲದೊಳಗೆ ಗಾಳಿ, ಗಾಳಿ ತುಂಬಲು ಕಾರಿನಲ್ಲೇ ಒಂದು ಪಂಪು. ಏರ್ ಸಸ್ಪೆನ್ಷನ್ ಎಂದು ಮುನೀಶ್ ಆ ಹೆಸರನ್ನು ದೇವರ ಹೆಸರು ಹೇಳಿದ ಹಾಗೆ ಹೇಳುತ್ತಿದ್ದ.

ವಾಪಸು ಬಂದಾಗ ರಘುನಾಥನ ಕಾರಿನ ಸೀಟು ಪೂರಾ ಒದ್ದೆ. ಜಗನ್‌ನ ಕಾರಿನಲ್ಲಿ ಬಿಂದಿಗೆಯ ಕಂಠ ಮಾತ್ರ ನೆನೆದಿತ್ತು. ಮುನೀಶ್ ಗೆದ್ದವನ ಹಾಗೆ ಅಂಗಳದಲ್ಲಿ ಓಡಾಡಿದ. ಕದಿರಪ್ಪ ಸೋಲುವವನೇ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಗಾಳಿ ಇವತ್ತು ಇರುತ್ತದೆ, ನಾಳೆ ಹೋಗುತ್ತದೆ ಅಂದ. ಸ್ಪ್ರಿಂಗು ಮುರಿದರೆ ಬಾಗಲೂರಿನ ಯಾವ ಮೆಕ್ಯಾನಿಕ್ ಬೇಕಾದರೂ ಮಧ್ಯಾಹ್ನದೊಳಗೆ ಹಾಕಿಕೊಡುತ್ತಾನೆ, ಈ ರಬ್ಬರ್ ಚೀಲ ಒಡೆದರೆ ಬೆಂಗಳೂರಿಗೆ ಎಳೆದುಕೊಂಡು ಹೋಗಬೇಕು, ಅದರ ಬೆಲೆಗೆ ಎರಡು ಹಸು ಬರುತ್ತವೆ. ಇಲಿ ಪೈಪು ಕಡಿದರೆ ಏನು ಮಾಡ್ತೀಯ ಅಂದ. ಮುನೀಶ್ ಬಿಡಲಿಲ್ಲ. ಸ್ಪ್ರಿಂಗು ಎಷ್ಟು ಗಟ್ಟಿ ಎಂದು ಅಮ್ಮನ ಬೆನ್ನಿಗೆ ಹೇಳು ಅಂದ. ಲೋಡು ಹೆಚ್ಚು ಕಮ್ಮಿ ಆದರೂ ಗಾಳಿ ತಾನೇ ಸಮ ಮಾಡಿಕೊಳ್ಳುತ್ತದೆ, ಗುಂಡಿಯನ್ನು ನುಂಗಿಕೊಂಡು ಹೋಗುತ್ತದೆ ಅಂದ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಕೊಂಡಮ್ಮ ಬಾಗಿಲಲ್ಲಿ ಗೋಡೆ ಹಿಡಿದು ನಿಂತು ಕೇಳಿದಳು.

ನನ್ನ ಒಂದ್ಸಲ ಕೂಡಿಸಿ ನೋಡ್ರಲಾ ಎಂದಳು. ಸುಮ್ನಿರಮ್ಮ, ಮೊನ್ನೆ ಆಗಿದ್ದು ಸಾಲದಾ ಎಂದ ಮಗ. ಎತ್ತರ ಐತೆ, ನಿನ್ ಕೈಲಾಗಲ್ಲ ಎಂದ ಗಂಡ. ಆ ಒಂದು ವಿಷಯದಲ್ಲಿ ಮಾತ್ರ ಅಪ್ಪ ಮಗನಿಗೆ ಎಲ್ಲಿಲ್ಲದ ಒಗ್ಗಟ್ಟು.

ಅವರಿಬ್ಬರಿಗೂ ಇದೊಂದು ಆಟ ಎನ್ನಿಸಿತು ಅವಳಿಗೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಾಡಿದ್ದು ಸೋಮವಾರ. ಸೋಮವಾರ ಜೂಜುವಾಡಿಯಲ್ಲಿ ಒಲೆ ಹತ್ತದಿದ್ದರೆ ಉಳಿದ ಆಯಸ್ಸೆಲ್ಲ ಈ ಗೋಡೆ, ಈ ಮಂಚ, ಎದುರುಮನೆ ಶ್ಯಾಮಲಮ್ಮ ತಂದುಕೊಡುವ ಕನಿಕರ. ಅದನ್ನು ನೆನೆದರೇ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಇವರು ನೋಡಿದರೆ ಇಲಿ ಪೈಪು ಕಡಿಯುವುದರ ಮೇಲೆ ಪಂಚಾಯ್ತಿ ಮಾಡುತ್ತಿದ್ದಾರೆ.

ಒಂದು ರಾತ್ರಿ ನಿಮ್ಮ ಮನೆ ಮುಂದೆಯೇ ಇರಲಿ, ಚೆನ್ನಾಗಿ ನೋಡಿಕೊಳ್ಳಿ ಎಂದು ಜಗನ್ ಕಾರನ್ನು ಅಲ್ಲೇ ಬಿಟ್ಟು ಹೋಗಿದ್ದ. ಭಾನುವಾರ ಬೆಳಿಗ್ಗೆ ಕದಿರಪ್ಪ ಹಾಲಿಗೆ ಹೊರಟವನು ಬಾಗಿಲಲ್ಲೇ ನಿಂತು ನಗಲು ಶುರುಮಾಡಿದ. ಅಂಥ ನಗು ಅವನು ಮಗ ಪಾಲಿಟೆಕ್ನಿಕ್ ಪಾಸಾದಾಗಲೂ ನಕ್ಕಿರಲಿಲ್ಲ.

ಕಾರು ಕುಸಿದು ಕೂತಿತ್ತು. ರಾತ್ರಿಯೆಲ್ಲ ಗಾಳಿ ಸೋರಿ, ನಿನ್ನೆ ಅಷ್ಟೆತ್ತರ ಮೆರೆದ ಗಾಡಿ ಈಗ ಚಕ್ರದ ಮೇಲೆ ಹೊಟ್ಟೆ ಊರಿಕೊಂಡು ಬಿದ್ದಿತ್ತು. ನೋಡಲಾ ನಿನ್ ಏರ್ ಗಾಡಿ, ಎಮ್ಮೆ ಮಲಗ್ದಂಗೆ ಮಲಗೈತೆ ಎಂದು ಕದಿರಪ್ಪ ಬೀದಿಗೆ ಕೇಳುವಂತೆ ಅಂದ. ಮುನೀಶ್ ಬನಿಯನ್ನಿನಲ್ಲೇ ಓಡಿಬಂದು ನೋಡಿ ಮುಖ ಸಪ್ಪೆ ಮಾಡಿಕೊಂಡ. ಫೋನು ಹೋಯಿತು, ಜಗನ್ ಸ್ಕೂಟರಿನಲ್ಲಿ ಬಂದ. ಎಲ್ಲೋ ಒಂದು ವಾಷರು ಸಣ್ಣಗೆ ಸೋರುತ್ತಿರಬೇಕು ಸಾರ್, ಇಂಜಿನ್ ಹಾಕಿದರೆ ತಾನೇ ಏಳುತ್ತದೆ, ಪಾರುಂಗ, ನೋಡ್ತಿರಿ ಎಂದು ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಸಮಜಾಯಿಷಿ ಕೊಟ್ಟ. ಇಂಥದ್ದನ್ನು ನಮ್ಮ ತಲೆಗೆ ಕಟ್ಟೋಕೆ ಬಂದಿದ್ಯಾ ಎಂದು ಕದಿರಪ್ಪ ಅವನ ಮೇಲೆ ಏರಿಹೋದ. ಮೋಸ ಮಾಡಿದ್ರಿ ಎಂದು ಮುನೀಶನೂ ಜಗನ್‌ನ ಮೇಲೆಯೇ ತಿರುಗಿದ. ಮೂವರೂ ಬಾನೆಟ್ಟಿನ ಮುಂದೆ ನಿಂತು ಕೈ ಬೀಸಾಡುತ್ತಿದ್ದರು.

ಕೊಂಡಮ್ಮ ಹೊರಗೆ ಬಂದಳು. ಅವಳು ಕಾರನ್ನು ನೋಡಿದ್ದು ಬೇರೆ ರೀತಿ. ನಿನ್ನೆ ಅವಳ ಎದೆಯ ಹತ್ತಿರ ಇದ್ದ ಸೀಟು ಇವತ್ತು ಸೊಂಟದ ಹತ್ತಿರಕ್ಕೆ ಇಳಿದಿತ್ತು. ರಘುನಾಥನ ಕಾರಿನಷ್ಟು ಪಾತಾಳಕ್ಕಲ್ಲ, ಮನೆಯ ಮಂಚದಷ್ಟು. ಅವಳು ಯಾರಿಗೂ ಹೇಳಲಿಲ್ಲ, ಯಾರನ್ನೂ ಕರೆಯಲಿಲ್ಲ. ಒಂದೊಂದೇ ಹೆಜ್ಜೆ ಇಟ್ಟು ಹೋಗಿ ಹಿಂದಿನ ಬಾಗಿಲು ತೆಗೆದಳು. ಆಸ್ಪತ್ರೆಯಲ್ಲಿ ಕಲಿಸಿದಂತೆ ಬೆನ್ನು ತಿರುಗಿಸಿ, ಸೀಟಿನ ಅಂಚಿಗೆ ಕೂತು, ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಒಳಕ್ಕೆ ತಂದುಕೊಂಡಳು. ಬೆನ್ನಿನಲ್ಲಿ ಒಂದು ಚಳುಕೂ ಏಳಲಿಲ್ಲ. ದೀಪಾವಳಿಯಿಂದ ಈಚೆಗೆ ಯಾರ ಕೈಯೂ ಮೈ ಮುಟ್ಟದೆ, ಸೊಂಟ ಕುಸಿಯದೆ ಅವಳು ಒಂದು ಗಾಡಿಯಲ್ಲಿ ಕೂತದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು. ಅದು ದುಃಖದ್ದಲ್ಲ, ಸಿಟ್ಟಿನದು. ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ದಿನ ಕಾಯಿಸಿದರಲ್ಲ ಎಂದು.

ಬಾಗಿಲು ಹಾಕಿದ ಸದ್ದಿಗೆ ಮೂವರೂ ತಿರುಗಿದರು. ಇಳಿಯೇ, ಕೆಟ್ಟ ಗಾಡಿ ಅದು, ವಾಪಸ್ ಕಳಿಸ್ತಿದ್ದೀವಿ ಎಂದು ಕದಿರಪ್ಪ ಓಡಿಬಂದ. ಅವನ ಕೈ ಆಗಲೇ ಕಂಕುಳಿನ ಕಡೆ ಹೊರಟಿತ್ತು.

"ಮುಟ್ಟಿದ್ರೆ ಕೈ ಮುರಿದಾಕ್ತೀನಿ," ಎಂದಳು ಕೊಂಡಮ್ಮ.

ಕದಿರಪ್ಪನ ಕೈ ಅಲ್ಲೇ ನಿಂತಿತು. ಅವಳು ಅವನನ್ನು ಬಿಟ್ಟು ಜಗನ್‌ನನ್ನು ಕೇಳಿದಳು, ಹೀಗೆ ಕೂತುಕೊಳ್ಳುವುದು ಇದಕ್ಕೆ ರೋಗವೇ, ಅಥವಾ ಬೇಕೆಂದಾಗ ಕೂರಿಸಬಹುದೇ. ಜಗನ್‌ಗೆ ಜೀವ ಬಂದಂತಾಯಿತು. ಗೇರಿನ ಪಕ್ಕ ಒಂದು ಗುಂಡಿಯಿದೆ ಅಮ್ಮ, ನಿಂತಿರುವಾಗ ಒತ್ತಿದರೆ ಜನ ಹತ್ತಲು ಇಳಿಯಲು ಅಂತಲೇ ಕೆಳಗೆ ಬರುತ್ತದೆ, ಹೊರಟರೆ ತಾನೇ ಮೇಲೇಳುತ್ತದೆ ಎಂದ. ನಿನ್ನೆ ಯಾಕೆ ಹೇಳಲಿಲ್ಲ ಎಂದರೆ, ಯಾರೂ ಕೇಳಲಿಲ್ಲವಲ್ಲ, ಎಲ್ಲರೂ ಬಿಂದಿಗೆ ನೋಡುತ್ತಿದ್ದರು ಎಂದ. ಮುನೀಶ್ ನೆಲ ನೋಡಿದ.

ಸ್ಪ್ರಿಂಗು ಕೆಟ್ಟರೆ ಊರಲ್ಲೇ ರಿಪೇರಿ ಎಂದು ಕದಿರಪ್ಪ ಹಳೆಯ ರಾಗ ತೆಗೆದ. ಅವಳು ಪೂರ್ತಿ ಹೇಳಲು ಬಿಟ್ಟು, ಆಮೇಲೆ ಬಾಯಿ ತೆರೆದಳು.

"ಅದು ಕೆಟ್ರೆ ರಿಪೇರಿ ಆಯ್ತದೆ, ಒಪ್ದೆ. ಚೆನ್ನಾಗಿದ್ದಾಗ್ಲೇ ಅದ್ರಲ್ಲಿ ಕೂತು ಏಳಕ್ಕೆ ನನ್ ಕೈಲಾಗಲ್ಲ. ಅದನ್ನ ಕಟ್ಕಂಡು ನಾನೇನ್ ಮಾಡ್ಲಿ?"

ಹಾಗೆಂದು ಗಂಡನ ಮಾತನ್ನು ಅವಳು ತಳ್ಳಿಯೂ ಹಾಕಲಿಲ್ಲ. ಅಡುಗೆ ಮಾಡಿ ಬದುಕಿದವಳಿಗೆ ಸೋರುವ ಪಾತ್ರೆಯ ಬೆಲೆ ಗೊತ್ತು. ಸೋರುತ್ತಿರುವುದನ್ನು ನೀನೇ ಸರಿಮಾಡಿಸಿ ಕೊಡಬೇಕು, ಮಾಡಿಸಿದ ಮೇಲೆ ಮೂರು ರಾತ್ರಿ ಇಲ್ಲೇ ನಿಲ್ಲಬೇಕು, ಒಂದು ರಾತ್ರಿ ಬೆರಳಿನಷ್ಟು ಕುಸಿದರೂ ನಿನ್ನ ಕಾರು ನಿನಗೆ ಎಂದು ಜಗನ್‌ಗೆ ಕಟ್ಟುನಿಟ್ಟಾಗಿ ಹೇಳಿದಳು. ಅವನು ಒಪ್ಪಿದ. ರಿಪೇರಿಗೆ ಹೋಗುವುದು ಮಂಗಳವಾರ, ಅಲ್ಲಿಯವರೆಗೆ ಗಾಡಿ ನಮ್ಮ ಹತ್ತಿರವೇ ಇರಲಿ ಎಂದಳು. ಅದಕ್ಕೂ ಒಪ್ಪಿದ. ಆಮೇಲೆ ಮಗನ ಕಡೆ ತಿರುಗಿ ಇಂಜಿನ್ ಹಾಕು ಎಂದಳು.

"ಎಲ್ಲಿಗಮ್ಮ?"

"ಜೂಜುವಾಡಿಗೆ. ಒಲೆ ತೊಳ್ದು ಬರಾನ. ನಾಳೆ ಸೋಮವಾರ."

ಪಂಪು ಗುಂಯ್ ಎಂದಿತು, ಕಾರು ನಿಧಾನವಾಗಿ ಮೇಲೆದ್ದಿತು. ಕದಿರಪ್ಪ ಮಾತ್ರ ಬೆವರತೊಡಗಿದ. ಇವತ್ತು ಬೇಡ ಎಂದ. ಬಿಸಿಲು ಎಂದ. ಭಾನುವಾರ ಭೈರೇಶ್ ಸಿಗಲ್ಲ ಎಂದ. ಭೈರೇಶ್ ಯಾಕೆ, ಬೀಗದ ಕೈ ನನ್ನ ಸೆರಗಿನಲ್ಲೇ ಇದೆ ಎಂದಳು ಅವಳು. ಗಾಡಿ ಹೊರಡುವಷ್ಟರಲ್ಲಿ ಅವನೂ ಮುಂದಿನ ಸೀಟಿಗೆ ಹತ್ತಿ ಕೂತ.

ಬಾಗಲೂರು ರಸ್ತೆಯ ಗುಂಡಿಗಳ ಮೇಲೆ ಕಾರು ದೋಣಿಯ ಹಾಗೆ ಹೋಯಿತು. ಆ ಹಂಪು ಬಂದಾಗ ಕೊಂಡಮ್ಮ ಎರಡೂ ಕೈಯಲ್ಲಿ ಸೀಟು ಗಟ್ಟಿಯಾಗಿ ಹಿಡಿದುಕೊಂಡಳು. ಮುನೀಶ್ ಕಾರನ್ನು ನಿಲ್ಲಿಸಿದಷ್ಟೇ ನಿಧಾನ ಮಾಡಿ ಹತ್ತಿಸಿದ, ಇಳಿಸಿದ. ಬೆನ್ನು ಏನೂ ಅನ್ನಲಿಲ್ಲ. ಅವಳು ಹಂಪನ್ನು ಹಿಂದಿನ ಗಾಜಿನಲ್ಲಿ ನೋಡಿ, ಅದನ್ನು ಹಾಕಿದವನಿಗೂ ಹಾಕಿಸಿದವನಿಗೂ ಸೇರಿಸಿ ಬಾಯಿತುಂಬ ಬೈದಳು. ಆಮೇಲೆ ಹೊಸೂರು ದಾಟುವವರೆಗೂ ಅವಳು ನಾಳೆಯ ಲೆಕ್ಕದಲ್ಲಿದ್ದಳು, ಹುರುಳಿ ಇವತ್ತೇ ನೆನೆಹಾಕಬೇಕು, ರಾಗಿ ಹಿಟ್ಟು ಹಳೆಯದಾಗಿರುತ್ತದೆ, ಹೊಸದು ಬೀಸಿಸಬೇಕು.

ಜೂಜುವಾಡಿ ಹತ್ತಿರ ಬರುತ್ತಿದ್ದಂತೆ ಮುಂದೆ ಕೂತ ಕದಿರಪ್ಪ, ತಿರುಗಿಸಲಾ ಮುನೀಶ, ನಂಗ್ಯಾಕೋ ಹೊಟ್ಟೆ ತೊಳೆಸ್ತೈತೆ ಎಂದ. ಗಾಳಿ ಕಾರು ಅವನಿಗೆ ಆಗಿಬರುತ್ತಿಲ್ಲ ಎಂದುಕೊಂಡು ಮುನೀಶ್ ಕಿಟಕಿ ಇಳಿಸಿಕೊಟ್ಟ.

ಅಂಗಡಿಯ ಷಟರ್ ಮೇಲಕ್ಕೆ ಎದ್ದಿತ್ತು. ಬೀಗ ಒಡೆದು ಪಕ್ಕಕ್ಕೆ ಎಸೆದಿದ್ದರು. ಅವಳ ಬೆಂಚುಗಳು ಹೊರಗೆ ಬಿಸಿಲಿನಲ್ಲಿ ಕಾಲು ಮೇಲಾಗಿ ಬಿದ್ದಿದ್ದವು, ದೊಡ್ಡ ಮುದ್ದೆ ಪಾತ್ರೆಯೊಳಗೆ ಯಾರೋ ಮೊಳೆ, ಸುತ್ತಿಗೆ ಹಾಕಿಟ್ಟಿದ್ದರು. ಒಳಗೆ ಒಬ್ಬ ಗೋಡೆಗೆ ಹಲಗೆ ಹೊಡೆಯುತ್ತಿದ್ದ, ನೆಲದ ಮೇಲೆ ಹೆಲ್ಮೆಟ್ಟಿನ ಡಬ್ಬಗಳು. ಭೈರೇಶ್ ಬಾಗಿಲಲ್ಲೇ ನಿಂತಿದ್ದ.

ಮುನೀಶ್ ಗುಂಡಿ ಒತ್ತಿದ. ಕಾರು ಇಳಿಯಿತು. ಬಂದು ನಿಂತ ಮಗನ ಕೈಯನ್ನು ಸರಿಸಿ ಕೊಂಡಮ್ಮ ಒಂದು ಕಾಲು, ಇನ್ನೊಂದು ಕಾಲು ನೆಲಕ್ಕೂರಿ ತಾನೇ ಎದ್ದು ನಿಂತಳು. ಭೈರೇಶ್ ಕಣ್ಣು ಬಿಟ್ಟುಕೊಂಡು ನೋಡಿದ.

ಸೋಮವಾರ ಅಂದಿದ್ದಿರಿ, ಇವತ್ತು ಭಾನುವಾರ, ಯಾರ ಮಾತಿನ ಮೇಲೆ ಬೀಗ ಒಡೆದಿರಿ ಎಂದು ಅವಳು ಕೇಳಿದಳು. ದನಿ ಎತ್ತಲಿಲ್ಲ. ಎತ್ತಿದ್ದರೆ ಭೈರೇಶನಿಗೆ ಎಷ್ಟೋ ವಾಸಿಯಿತ್ತು. ಅವನು ಅವಳನ್ನು ನೋಡಿದ, ಆಮೇಲೆ ಕಾರಿನ ಬಾಗಿಲಲ್ಲಿ ಅರ್ಧ ಇಳಿದು ನಿಂತಿದ್ದ ಕದಿರಪ್ಪನನ್ನು ನೋಡಿದ.

"ನಿಮ್ಮೆಜಮಾನ್ರೇ ಬುಧವಾರ ಬಂದು ಹೇಳೋದ್ರಲ್ಲ ಅಕ್ಕ. ಅವ್ಳಿನ್ನು ಬರಲ್ಲ, ಯಾವ್ ಕಾರೂ ಅವ್ಳಿಗೆ ಆಗಲ್ಲ, ಕೊಟ್ಬುಡಿ ಅಂದ್ರು."

ಬುಧವಾರ. ಬಿಂದಿಗೆಗೆ ನೀರು ತುಂಬಿದ್ದು ಶನಿವಾರ. ಸ್ಪ್ರಿಂಗೋ ಗಾಳಿಯೋ ಎಂದು ಇವನು ಅಂಗಳದಲ್ಲಿ ಗಂಟಲು ಹರಿದುಕೊಳ್ಳುವ ಎಷ್ಟೋ ಮುಂಚೆಯೇ ಇಲ್ಲಿಗೆ ಬಂದು ಅವಳ ಒಲೆ ಆರಿಸಿ ಹೋಗಿದ್ದ. ಅವನಿಗೆ ಕಾರು ಬೇಕಿದ್ದದ್ದು ಅಂಗಡಿಗಲ್ಲ. ತಿಂಗಳಿಗೊಂದು ಸಲ ಅವಳನ್ನು ಆಸ್ಪತ್ರೆಗೆ ಎಳೆದು ಹತ್ತಿಸಿ ಎಳೆದು ಇಳಿಸಲು ಅವನಿಗೆ ಯಾವ ಕಾರಾದರೂ ಸಾಕಿತ್ತು. ಹುರುಳಿ, ಹಿಟ್ಟು ಎಂದು ಅವಳು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದಾಗಲೂ ಅವನು ಬಾಯಿಗೆ ಬೀಗ ಹಾಕಿಕೊಂಡು ಮುಂದೆ ಕೂತಿದ್ದ.

ಮುನೀಶ್ ಅಪ್ಪನ ಮೇಲೆ ಹೋಗಲು ಹೆಜ್ಜೆ ಇಟ್ಟ. ನಾನು ರಜ ಹಾಕ್ಕಂಡು ಕಾರು ಹುಡುಕ್ತಿದ್ರೆ ನೀನು ಹಿಂದ್ಲಿಂದ ಹಿಂಗ್ ಮಾಡ್ದಾ ಎಂದು ಕೂಗಿದ. ಕೊಂಡಮ್ಮ ಅವನ ಮುಂದೆ ಕೈ ಅಡ್ಡ ಹಿಡಿದಳು. ಇದು ಅವಳ ಜಗಳ.

ಕದಿರಪ್ಪ ಹತ್ತಿರ ಬಂದ. ತಪ್ಪಿಸಿಕೊಳ್ಳಲು ಏನಾದರೂ ಹೇಳುತ್ತಾನೆ ಎಂದುಕೊಂಡಿದ್ದಳು, ಹೇಳಲಿಲ್ಲ. ಹೆಗಲ ಮೇಲಿನ ಟವಲು ತೆಗೆದು ಮುಖ ಒರೆಸಿಕೊಂಡು ಸಣ್ಣ ದನಿಯಲ್ಲಿ ಹೇಳಿದ.

"ಆವತ್ತು ಆಸ್ಪತ್ರೇಲಿ ನಿನ್ನ ಸ್ಟ್ರೆಚರ್ ಮ್ಯಾಲೆ ನೋಡ್ದಾಗ ನಂಗೆ ಜೀವ್ವೇ ಹೋಗಿತ್ತು ಕಣೇ. ಆ ರೋಡಲ್ಲಿ ದಿನಾ ನಿನ್ನ ಕಳ್ಸಿ ಸಾಯಂಕಾಲದ ಗಂಟ ಕಾಯಕ್ಕೆ ನನ್ ಕೈಲಾಗಲ್ಲ. ಭಯ ಆಯ್ತದೆ."

ಅವನ ಕಣ್ಣು ನೋಡಿದರೆ ಸುಳ್ಳಲ್ಲ ಎಂದು ಗೊತ್ತಾಗುತ್ತಿತ್ತು. ಸುಳ್ಳಾಗಿದ್ದರೆ ಅವಳಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

"ಭಯ ನಿಂದು," ಎಂದಳು ಕೊಂಡಮ್ಮ. "ನಿನ್ ಭಯಕ್ಕೆ ನಾನ್ಯಾಕೆ ಹಾಸಿಗೆ ಹಿಡೀಬೇಕು?"

ರಸ್ತೆಯಲ್ಲಿ ಲಾರಿಗಳು ಹಾರ್ನ್ ಹೊಡೆಯುತ್ತಾ ಗಡಿ ಕಡೆ ಹೋಗುತ್ತಿದ್ದವು. ಒಬ್ಬ ಡ್ರೈವರು ತಲೆ ಹೊರಗೆ ಹಾಕಿ, ಅಕ್ಕಾ, ಕಡೆ ತೆರಂದಾಚ್ಚಾ ಎಂದು ಕೂಗಿ ಕೇಳಿದ. ಅಂಗಡಿ ತೆರೆಯಿತೇ ಎಂದು. ಅವಳು ಅವನ ಕಡೆ ನೋಡದೆಯೇ ನಾಳೆಕ್ಕು ವಾಪ್ಪಾ, ನಾಳೆ ಬಾರಪ್ಪ ಎಂದು ಉತ್ತರ ಕೊಟ್ಟಳು. ಅದನ್ನು ಕೇಳಿ ಭೈರೇಶ್ ತಲೆ ಕೆರೆದುಕೊಂಡ. ಒಳಗಿದ್ದ ಹೆಲ್ಮೆಟ್ಟಿನವನು ಸುತ್ತಿಗೆ ನಿಲ್ಲಿಸಿದ.

ಭೈರೇಶನೂ ಬಾಯಿ ಮಾಡಲು ನೋಡಿದ. ಹೆಲ್ಮೆಟ್ಟಿನವನಿಗೆ ಮಾತು ಕೊಟ್ಟಿದ್ದೀನಿ ಎಂದ. ನಂಗೂ ಕೊಟ್ಟಿದ್ರಿ, ಸೋಮವಾರದ ಗಂಟ ಎಂದಳು. ಕರಾರು ನನ್ನ ಹೆಸರಲ್ಲಿದೆ, ಬಂದು ಹೇಳಿದವರ ಹೆಸರಲ್ಲಿಲ್ಲ. ನನ್ನನ್ನು ಒಂದು ಮಾತು ಕೇಳಿದಿರಾ ಎಂದಳು. ಅವನು ಹೆಲ್ಮೆಟ್ಟಿನವನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದ, ಪಕ್ಕದ ಸಂದಿಯ ಖಾಲಿ ಅಂಗಡಿಯ ಕಡೆ ಕೈ ತೋರಿಸಿದ. ಆಮೇಲೆ ವಾಪಸು ಬಂದು, ನಾಳೆ ಬೆಳಿಗ್ಗೆ ಒಲೆ ಉರೀಬೇಕು ಅಕ್ಕ, ಉರೀಲಿಲ್ಲ ಅಂದ್ರೆ ಮತ್ತೆ ನನ್ನ ಕೇಳಬೇಡಿ ಎಂದ.

ಹಲಗೆಗಳನ್ನು ಕಿತ್ತು ಹೊರಗೆ ಹಾಕಲು ಶುರುವಾಯಿತು. ಯಾರೂ ಹೇಳದೆಯೇ ಕದಿರಪ್ಪ ಒಂದು ತುದಿ ಹಿಡಿದ. ಬೆಂಚುಗಳನ್ನು ಒಳಗೆ ತಂದ, ಮುದ್ದೆ ಪಾತ್ರೆಯಿಂದ ಮೊಳೆ ಸುರಿದ. ಕೊಂಡಮ್ಮ ಒಲೆಯ ಮುಂದೆ ನಿಂತು, ಅದಲ್ಲ, ಆ ಕಡೆ, ಇನ್ನೂ ಆ ಕಡೆ ಎಂದು ಹೇಳಿದಳು. ಸಿಟ್ಟು ಇಳಿದಿರಲಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇರಲಿಲ್ಲ.

ಎಲ್ಲ ಮುಗಿದ ಮೇಲೆ ಕದಿರಪ್ಪ ಬಾಗಿಲ ಹತ್ತಿರ ನಿಂತು ನೆಲ ನೋಡುತ್ತಾ ಕೇಳಿದ. ನಾಳೆಯಿಂದ ಮುನೀಶನಿಗೆ ಮೊದಲ ಶಿಫ್ಟು, ಅವನು ಬೆಳಗಾಗುವ ಮುಂಚೆಯೇ ಹೋಗಿರುತ್ತಾನೆ, ಮತ್ತೆ ನಿನ್ನ ಯಾರು ಕರ್ಕಂಡು ಬರೋದು?

ಕೊಂಡಮ್ಮ ಮಗನ ಕೈಯಿಂದ ಗಾಳಿ ಕಾರಿನ ಕೀ ಈಸಿಕೊಂಡು ಗಂಡನ ಮುಂದೆ ಹಿಡಿದಳು.

"ನೀನು. ಕಾಯಕ್ಕಾಗಲ್ಲ ಅಂದ್ಯಲ್ಲ, ಕಾಯಬ್ಯಾಡ. ಜತೆಗೇ ಬಾ. ಬೆಳಿಗ್ಗೆ ಇಬ್ರೂ ಬರಾನ, ಈರುಳ್ಳಿ ಹೆಚ್ಚೋರು ಬೇಕು."

ಕದಿರಪ್ಪ ಕೀ ತೆಗೆದುಕೊಂಡ.